ಇಸುಬನ್ನು ಒಳಕ್ಕೆ ಒತ್ತಲು ಬರುತ್ತದೆಯೇ?

ಮಗುವಿನ ಮೊಣಕೈ ಮಡಿಕೆಯಲ್ಲೋ ಮಂಡಿಯ ಹಿಂದೆಯೋ ಇಸುಬು ಎದ್ದಿತೆಂದರೆ ಆ ಮನೆಗೆ ಒಂದು ಮಾತು ಬಂದೇ ಬರುತ್ತದೆ. 'ಮುಲಾಮು ಹಚ್ಚಬೇಡಿ, ಅದು ಕಾಯಿಲೆಯನ್ನು ಒಳಗೆ ಒತ್ತಿಬಿಡುತ್ತದೆ. ಇವತ್ತು ಚರ್ಮ ಸರಿಹೋದ ಹಾಗೆ ಕಾಣುತ್ತದೆ, ನಾಳೆ ಉಬ್ಬಸವಾಗಿ ಹೊರಗೆ ಬರುತ್ತದೆ. ಹೋಮಿಯೋಪತಿ ಕೊಡಿಸಿ, ನಿಧಾನವಾದರೂ ಬೇರುಸಹಿತ ಕೀಳುತ್ತದೆ.' ಹೀಗೆ ಹೇಳುವವರು ಓದುಬರಹ ಇಲ್ಲದವರಲ್ಲ. ಎಂಜಿನಿಯರುಗಳು, ಶಿಕ್ಷಕರು, ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಮಗುವಿನ ಮೇಲೆ ನಿಜವಾದ ಅಕ್ಕರೆಯುಳ್ಳವರು. ಹೋಮಿಯೋಪತಿ ಗುಳಿಗೆಯಲ್ಲಿ ಔಷಧದ ಅಣು ಇದೆಯೋ ಇಲ್ಲವೋ ಎಂಬ ಚರ್ಚೆ ನಮ್ಮಲ್ಲಿ ಆಗಾಗ ನಡೆಯುತ್ತದೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಈ 'ಒಳಗೆ ಒತ್ತುವ' ನಂಬಿಕೆ. ಬಿಳಿ ಗುಳಿಗೆ ತಾನಾಗಿ ಯಾರಿಗೂ ದೊಡ್ಡ ಕೇಡು ಮಾಡದು. ಈ ನಂಬಿಕೆ ಮಾಡುತ್ತದೆ. ಕೆಲಸ ಮಾಡುವ ಚಿಕಿತ್ಸೆಯ ಮೇಲೆ ಅದು ಭಯ ಹುಟ್ಟಿಸುತ್ತದೆ. ರಾತ್ರಿಯಿಡೀ ನಿದ್ದೆಯಿಲ್ಲದೆ, ಹಾಸಿಗೆಯ ಮೇಲೆ ರಕ್ತದ ಕಲೆ ಬೀಳುವಷ್ಟು ಕೆರೆದುಕೊಳ್ಳುವ ಮಗುವನ್ನು ಹಾಗೇ ಬಿಡುವುದಕ್ಕೆ ತಾಳ್ಮೆ ಎಂಬ ಹೆಸರು ಕೊಡುತ್ತದೆ.

ಮೊದಲು ಆ ವಾದವನ್ನು ಅದರ ಪಕ್ಷದವರು ಹೇಳುವಷ್ಟೇ ಬಲವಾಗಿ ಇಡೋಣ. ಚರ್ಮದ ಮೇಲೆ ಕಾಣುವುದು ಕಾಯಿಲೆಯಲ್ಲ, ಕಾಯಿಲೆಯ ಗುರುತು. ಇಡೀ ದೇಹದ ಜೀವಶಕ್ತಿ ಕದಡಿದಾಗ ದೇಹವು ಒಳಗಿನ ಕೆಡುಕನ್ನು ಹೆಚ್ಚು ಅಪಾಯವಿಲ್ಲದ ಜಾಗಕ್ಕೆ, ಅಂದರೆ ಚರ್ಮಕ್ಕೆ ತಳ್ಳಿ, ಶ್ವಾಸಕೋಶ, ಹೃದಯ, ಮಿದುಳುಗಳನ್ನು ಕಾಪಾಡಿಕೊಳ್ಳುತ್ತದೆ. ಆ ದಾರಿಯನ್ನು ಮುಲಾಮಿನಿಂದ ಮುಚ್ಚಿದರೆ ಕೆಡುಕು ಒಳಕ್ಕೆ ತಿರುಗುತ್ತದೆ. ಹೋಮಿಯೋಪತಿಯನ್ನು ಕಟ್ಟಿದ ಜರ್ಮನಿಯ ಸ್ಯಾಮ್ಯುಯೆಲ್ ಹಾನೆಮನ್ 1810ರ ತನ್ನ 'ಆರ್ಗನಾನ್' ಗ್ರಂಥದಲ್ಲಿ ಸ್ಥಳೀಯ ಲೇಪನಗಳನ್ನು ವಿರೋಧಿಸಿದ. 1828ರಲ್ಲಿ ಪ್ರಕಟವಾಗತೊಡಗಿದ ದೀರ್ಘಕಾಲದ ಕಾಯಿಲೆಗಳ ಕುರಿತ ಗ್ರಂಥದಲ್ಲಿ, ಹಳೆಯ ರೋಗಗಳ ಬಹುಪಾಲಿಗೆ ಮೂಲ 'ಸೋರಾ', ಅಂದರೆ ಒಳಕ್ಕೆ ಒತ್ತಲ್ಪಟ್ಟ ತುರಿಕಜ್ಜಿ ಎಂದ. ಅವನ ಅನುಯಾಯಿ ಕಾನ್‌ಸ್ಟಂಟೀನ್ ಹೆರಿಂಗ್ ಗುಣವಾಗುವ ದಿಕ್ಕನ್ನೂ ಹೇಳಿದ: ಒಳಗಿನಿಂದ ಹೊರಕ್ಕೆ, ಮೇಲಿನಿಂದ ಕೆಳಕ್ಕೆ, ಮುಖ್ಯ ಅಂಗದಿಂದ ಸಾಮಾನ್ಯ ಅಂಗಕ್ಕೆ, ಲಕ್ಷಣಗಳು ಬಂದ ಕ್ರಮಕ್ಕೆ ಉಲ್ಟಾ ಕ್ರಮದಲ್ಲಿ. ಈ ಚಿಂತನೆಯಲ್ಲಿ ಏನೂ ಹುರುಳಿಲ್ಲ ಎಂದು ತಳ್ಳಿಹಾಕುವುದು ಸರಿಯಲ್ಲ. ಇಸುಬು ಬರೀ ಚರ್ಮಕ್ಕೆ ಸೇರಿದ್ದಲ್ಲ, ದೇಹದ ರೋಗನಿರೋಧ ವ್ಯವಸ್ಥೆಗೂ ಸಂಬಂಧಪಟ್ಟದ್ದು ಎಂಬುದು ಇಂದಿನ ವಿಜ್ಞಾನವೂ ಒಪ್ಪುವ ಮಾತು. ರಕ್ತ ಹರಿಸುವುದು, ಪಾದರಸ ತಿನ್ನಿಸುವುದೇ ವೈದ್ಯವಾಗಿದ್ದ ಕಾಲದಲ್ಲಿ ರೋಗಿಯನ್ನು ಹಿಂಸಿಸಬೇಡಿ ಎಂದು ಹಾನೆಮನ್ ಹೇಳಿದ್ದು ಮಾನವೀಯವಾದ ಪ್ರತಿಭಟನೆಯೂ ಹೌದು.

ಆದರೆ ಸಿದ್ಧಾಂತ ನಿಂತದ್ದು ತುರಿಕಜ್ಜಿಯ ಮೇಲೆ. ಗಂಧಕದ ಲೇಪ ಹಚ್ಚಿ ಕಜ್ಜಿ ಮಾಯಮಾಡಿದವರಿಗೆ ಮುಂದೆ ಉಬ್ಬಸ, ಜಲೋದರ, ಹುಚ್ಚು ಬಂದವೆಂದು ಹಾನೆಮನ್ ಹಳೆಯ ಗ್ರಂಥಗಳಿಂದ ಉದಾಹರಣೆಗಳನ್ನು ಸಾಲಾಗಿ ಎತ್ತಿ ಕೊಡುತ್ತಾನೆ. ಕಜ್ಜಿಗೆ ಕಾರಣ ಚರ್ಮದಲ್ಲಿ ಬಿಲ ತೋಡಿ ಮೊಟ್ಟೆಯಿಡುವ ಒಂದು ಸಣ್ಣ ನುಸಿ ಎಂದು ಇಟಲಿಯ ಬೊನೊಮೊ 1687ರಲ್ಲೇ ಬರೆದಿದ್ದ, ಯಾರೂ ಕಿವಿಗೊಡಲಿಲ್ಲ. 1834ರಲ್ಲಿ ರೆನುಚಿ ಎಂಬ ವಿದ್ಯಾರ್ಥಿ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಸೂಜಿಯ ಮೊನೆಯಿಂದ ಆ ನುಸಿಯನ್ನು ರೋಗಿಗಳ ಚರ್ಮದಿಂದ ಎತ್ತಿ ಎಲ್ಲರ ಕಣ್ಣೆದುರು ತೋರಿಸಿದ. ಮರುವರ್ಷ ಅದೇ ಪ್ಯಾರಿಸ್ಸಿಗೆ ಹೋಗಿ ನೆಲೆಸಿದ ಹಾನೆಮನ್ 1843ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದ. ನುಸಿ ಇರುವುದು ಚರ್ಮದ ಮೇಲ್ಪದರದಲ್ಲಿ. ಅಲ್ಲೇ ಕೊಂದರೆ ಕಜ್ಜಿ ಹೋಗುತ್ತದೆ, ಒಳಗೆ ಏನೂ ಸೇರುವುದಿಲ್ಲ. ಇಂದು ಮನೆಮಂದಿಗೆಲ್ಲ ಪರ್ಮೆತ್ರಿನ್ ಹಚ್ಚಿಸುವುದು ಇದೇ ಕಾರಣಕ್ಕೆ; ಹಾನೆಮನ್ ದೂರಿದ ಗಂಧಕದ ಲೇಪವೂ ನುಸಿಯನ್ನು ನಿಜಕ್ಕೂ ಕೊಲ್ಲುತ್ತಿತ್ತು. ಹೊರಗಿನ ಲೇಪ ರೋಗವನ್ನು ಒಳಕ್ಕೆ ತಳ್ಳುತ್ತದೆ ಎನ್ನಲು ಕೊಟ್ಟ ಮುಖ್ಯ ಉದಾಹರಣೆಯೇ, ಹೊರಗಿನ ಲೇಪ ರೋಗವನ್ನು ಪೂರ್ತಿ ಗುಣಪಡಿಸುವ ಉದಾಹರಣೆಯಾಗಿ ಹೊರಬಿತ್ತು. ಸೋರಾ ಎಂದರೆ ಕಜ್ಜಿಯಲ್ಲ, ರೋಗಕ್ಕೆ ತುತ್ತಾಗುವ ಒಂದು ಆಳದ ಪ್ರವೃತ್ತಿ ಎಂದು ಇಂದಿನ ಹೋಮಿಯೋಪತಿ ವೈದ್ಯರು ಉತ್ತರಿಸುತ್ತಾರೆ. ಹಾಗೆ ಅರ್ಥ ಬದಲಿಸಿಕೊಳ್ಳಲಿ, ತಪ್ಪಿಲ್ಲ. ಆದರೆ ಆ ಕಜ್ಜಿಯ ಪ್ರಕರಣಗಳೇ ಸಿದ್ಧಾಂತಕ್ಕಿದ್ದ ಪುರಾವೆ. ಪುರಾವೆಯನ್ನು ಬಿಟ್ಟುಕೊಟ್ಟ ಮೇಲೂ ತೀರ್ಮಾನವನ್ನು ಇಟ್ಟುಕೊಳ್ಳಲಾಗದು.

ಇತಿಹಾಸದಲ್ಲಿ ಸೋತ ನಂಬಿಕೆ ಮನೆಗಳಲ್ಲಿ ಉಳಿದಿರುವುದಕ್ಕೆ ಕಾರಣ, ಜನ ಕಣ್ಣಾರೆ ಕಾಣುವ ಮೂರು ಸಂಗತಿಗಳು. ಮೂರೂ ನಿಜ. ಅವುಗಳಿಂದ ತೆಗೆಯುವ ಅರ್ಥ ಮಾತ್ರ ತಪ್ಪು.

1. ಇಸುಬು ಹೋಗಿ ಉಬ್ಬಸ ಬರುತ್ತದೆ. ಹಲವು ಮಕ್ಕಳಲ್ಲಿ ಹಸುಗೂಸಾಗಿದ್ದಾಗ ಇಸುಬು, ಆಮೇಲೆ ಆಹಾರದ ಅಲರ್ಜಿ, ಇನ್ನೂ ದೊಡ್ಡವರಾದ ಮೇಲೆ ಉಬ್ಬಸ, ಮೂಗಿನ ಅಲರ್ಜಿ ಎಂಬ ಸರಣಿ ಕಾಣುವುದು ಹೌದು. ಮುಲಾಮು ಮುಟ್ಟದ ಮಕ್ಕಳಲ್ಲೂ ಇದು ಕಾಣುತ್ತದೆ ಎಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೆಂಚಿನ ಮಾಡು ಸೋರತೊಡಗಿದರೆ ಮೊದಲು ಜಗಲಿ ನೆನೆಯುತ್ತದೆ, ಮಳೆ ಬಲಿತ ಮೇಲೆ ನಡುಮನೆಯೂ ನೆನೆಯುತ್ತದೆ. ಜಗಲಿ ಒರೆಸಿದ್ದರಿಂದಲೇ ನೀರು ನಡುಮನೆಗೆ ಹೋಯಿತು ಎಂದು ಯಾರೂ ಹೇಳರು. ಎರಡಕ್ಕೂ ಮೂಲ ಒಂದೇ ಎಂಬುದು 2006ರಲ್ಲಿ ಸ್ಪಷ್ಟವಾಗತೊಡಗಿತು. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ತಂಡವೊಂದು, ಚರ್ಮದ ಹೊರಪದರವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್ ಕೆಟ್ಟಿರುವವರಿಗೆ ಇಸುಬು ಬರುವ ಸಂಭವ ಬಹಳ ಹೆಚ್ಚೆಂದು ತೋರಿಸಿತು. ಇಸುಬಿನ ಜೊತೆಗೆ ಬರುವ ಉಬ್ಬಸಕ್ಕೂ ಅದೇ ದೋಷದ ನಂಟು ಕಂಡಿತು. ಹೊರಪದರ ಬಿರುಕುಬಿಟ್ಟಾಗ ನೀರು ಆವಿಯಾಗಿ ಹೊರಹೋಗುತ್ತದೆ. ಧೂಳಿನ ನುಸಿ, ಮೊಟ್ಟೆ, ಕಡಲೆಕಾಯಿಯ ಕಣಗಳು ಉರಿಯುವ ಚರ್ಮದ ಮೂಲಕ ಒಳಬಂದು ರೋಗನಿರೋಧ ವ್ಯವಸ್ಥೆಗೆ ವೈರಿಗಳಂತೆ ಪರಿಚಯವಾಗುತ್ತವೆ. ಹಾಗಿದ್ದರೆ ಒಳಗಿನ ಅಲರ್ಜಿಗೆ ದಾರಿ ಮಾಡಿಕೊಡುವುದು ಮುಲಾಮು ಹಚ್ಚಿದ ಚರ್ಮವಲ್ಲ, ಹಚ್ಚದೆ ಬಿಟ್ಟ ಚರ್ಮ.

ಇದನ್ನು ಊಹೆಯೆಂದು ಬಿಡಬೇಕಾಗಿಲ್ಲ; ನೇರವಾಗಿ ಪರೀಕ್ಷಿಸಿದ್ದಾರೆ. 2023ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದರಲ್ಲಿ ಇಸುಬಿದ್ದ 650 ಹಸುಗೂಸುಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಇಸುಬು ಕಂಡಲ್ಲಷ್ಟೇ ಸ್ಟೀರಾಯ್ಡ್ ಮುಲಾಮು; ಇನ್ನೊಂದಕ್ಕೆ ಕಾಣದ ಜಾಗಕ್ಕೂ ಸೇರಿಸಿ ಹೆಚ್ಚು ಬಿಗಿಯಾದ ಚಿಕಿತ್ಸೆ. ಒತ್ತುವ ಸಿದ್ಧಾಂತದ ಪ್ರಕಾರ ಎರಡನೆಯ ಗುಂಪಿನಲ್ಲಿ ಒಳಗಿನ ಕೆಡುಕು ಹೆಚ್ಚಬೇಕಿತ್ತು. ಆದದ್ದು ತಿರುಗುಮುರುಗು: ಮೊಟ್ಟೆಯ ಅಲರ್ಜಿ ಮೊದಲ ಗುಂಪಿನಲ್ಲಿ ನೂರಕ್ಕೆ 41.9, ಬಿಗಿ ಚಿಕಿತ್ಸೆಯ ಗುಂಪಿನಲ್ಲಿ 31.4. ಆ ಮಕ್ಕಳ ತೂಕ, ಎತ್ತರ ಸ್ವಲ್ಪ ಕಡಿಮೆಯಿದ್ದವು ಎಂಬುದನ್ನೂ ಅದೇ ಅಧ್ಯಯನ ಹೇಳುತ್ತದೆ, ಆದ್ದರಿಂದ ಎಲ್ಲ ಮಕ್ಕಳಿಗೂ ಮೈತುಂಬ ಸ್ಟೀರಾಯ್ಡ್ ಹಚ್ಚಿ ಎಂಬುದು ಅದರ ಪಾಠವಲ್ಲ. ಹುಟ್ಟಿದಾಗಿನಿಂದ ಬರೀ ತೇವಾಂಶದ ಕ್ರೀಮು ಹಚ್ಚಿದರೆ ಇಸುಬನ್ನೇ ತಡೆಯಬಹುದೆಂಬ ಆಸೆಯೂ 2020ರ ದೊಡ್ಡ ಅಧ್ಯಯನಗಳಲ್ಲಿ ಕೈಗೂಡಲಿಲ್ಲ. ಆದರೆ ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು: ಚರ್ಮದ ಉರಿಯನ್ನು ಇಳಿಸಿದರೆ ರೋಗ ಒಳಕ್ಕೆ ಹೋಗುವುದಿಲ್ಲ. ಇನ್ನೊಂದು ದಿಕ್ಕಿನಿಂದಲೂ ಇದೇ ಕಾಣುತ್ತದೆ. 2017ರಲ್ಲಿ ಅಮೆರಿಕದಲ್ಲಿ ಇಸುಬಿಗೆ ಒಪ್ಪಿಗೆ ಪಡೆದ ಡುಪಿಲುಮ್ಯಾಬ್ ಎಂಬ ಚುಚ್ಚುಮದ್ದಿಗೆ ಮರುವರ್ಷವೇ ಉಬ್ಬಸಕ್ಕೂ ಒಪ್ಪಿಗೆ ಸಿಕ್ಕಿತು. ಬೆಲೆ ನಮ್ಮ ಸಾಮಾನ್ಯ ಕುಟುಂಬಗಳ ಕೈಗೆ ನಿಲುಕುವಂಥದ್ದಲ್ಲ, ಆ ಮಾತು ಬೇರೆ. ಚರ್ಮವನ್ನು ತಣಿಸುವ ಮದ್ದೇ ಶ್ವಾಸಕೋಶವನ್ನೂ ತಣಿಸುತ್ತದೆ ಎಂದ ಮೇಲೆ, ಒಂದನ್ನು ಅಡಗಿಸಿದರೆ ಇನ್ನೊಂದು ಏಳುತ್ತದೆ ಎಂಬ ಚಿತ್ರ ನಿಲ್ಲುವುದು ಹೇಗೆ?

2. ಮುಲಾಮು ಬಿಟ್ಟ ಕೂಡಲೇ ಕಾಯಿಲೆ ಇಮ್ಮಡಿಯಾಗಿ ಮರಳುತ್ತದೆ. ಈ ಸಂಗತಿಯಲ್ಲಿ ನಂಬಿಕೆಯ ಪಕ್ಷಕ್ಕೆ ನಿಜವಾದ ಬಲವಿದೆ, ಅದನ್ನು ಮುಚ್ಚಿಡಬಾರದು. ನಮ್ಮ ಊರುಗಳ ಔಷಧದಂಗಡಿಗಳಲ್ಲಿ ಕ್ಲೋಬೆಟಾಸಾಲ್ ಎಂಬ ಅತ್ಯಂತ ಪ್ರಬಲ ಸ್ಟೀರಾಯ್ಡನ್ನು ಶಿಲೀಂಧ್ರದ ಮದ್ದು, ಆ್ಯಂಟಿಬಯಾಟಿಕ್ ಎರಡರ ಜೊತೆ ಬೆರೆಸಿದ ಟ್ಯೂಬು ಚೀಟಿಯಿಲ್ಲದೆ ಸಿಗುತ್ತಾ ಬಂದಿದೆ. ತೊಡೆಸಂದಿಯ ಹುಳಕಡ್ಡಿಗೆ ಅದನ್ನು ಹಚ್ಚಿದರೆ ಎರಡು ದಿನದಲ್ಲಿ ಕೆಂಪು, ನವೆ ಮಾಯ. ಶಿಲೀಂಧ್ರ ಮಾತ್ರ ಸಾಯುವುದಿಲ್ಲ. ಅದನ್ನು ತಡೆಯುತ್ತಿದ್ದ ಚರ್ಮದ ಕಾವಲನ್ನೇ ಸ್ಟೀರಾಯ್ಡ್ ಮಲಗಿಸಿದ್ದರಿಂದ ಅದು ಸದ್ದಿಲ್ಲದೆ ಹರಡಿ, ಟ್ಯೂಬು ಮುಗಿದ ದಿನ ಹೊಟ್ಟೆ, ಬೆನ್ನುಗಳವರೆಗೂ ಉಂಗುರ ಉಂಗುರವಾಗಿ ಏಳುತ್ತದೆ. ಬೆಳ್ಳಗಾಗಲೆಂದು ಅದೇ ಟ್ಯೂಬನ್ನು ಮುಖಕ್ಕೆ ಹಚ್ಚಿದ ಹೆಣ್ಣುಮಕ್ಕಳ ಚರ್ಮ ತೆಳುವಾಗಿ, ನೆತ್ತರ ನಾಳಗಳು ಎದ್ದು ಕಂಡು, ಬಿಸಿಲಿಗೆ ಉರಿಯುವುದನ್ನು ಚರ್ಮವೈದ್ಯರು ಬಹಳ ಕಾಲದಿಂದ ಹೇಳುತ್ತಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಮುಲಾಮುಗಳ ಚೀಟಿಯಿಲ್ಲದ ಮಾರಾಟವನ್ನು ನಿರ್ಬಂಧಿಸಿತು. ಅಂಗಡಿಯ ಕಟ್ಟೆಯ ಮೇಲೆ ಅದು ಎಷ್ಟು ಪಾಲನೆಯಾಗುತ್ತಿದೆ ಎಂದು ಓದುಗರೇ ನೋಡಿಕೊಳ್ಳಬಹುದು. ಈ ಅನುಭವ ಪಟ್ಟವರು 'ಮುಲಾಮು ರೋಗವನ್ನು ಅಡಗಿಸಿತು' ಎಂದರೆ ಅಕ್ಷರಶಃ ನಿಜವನ್ನೇ ಹೇಳುತ್ತಿದ್ದಾರೆ. ಆದರೆ ಅಡಗಿದ್ದು ತಪ್ಪಾಗಿ ಗುರುತಿಸಿದ ರೋಗ, ಕಾರಣ ತಪ್ಪು ಮದ್ದು. ಸರಿಯಾಗಿ ಗುರುತಿಸಿದ ಇಸುಬಿಗೆ ಸರಿಯಾದ ಬಲದ ಮುಲಾಮನ್ನು ಸರಿಯಾದಷ್ಟು ದಿನ ಹಚ್ಚುವುದಕ್ಕೆ ಈ ದೂರು ಅನ್ವಯಿಸುವುದಿಲ್ಲ. ಅಲ್ಲೂ ಇಸುಬು ಮರಳಬಹುದು. ಅದು ಏರಿಳಿಯುತ್ತಲೇ ಸಾಗುವ ಕಾಯಿಲೆ, ಮುಲಾಮು ಉರಿಯನ್ನು ಇಳಿಸುತ್ತದೆ, ಹುಟ್ಟಿನಿಂದ ಬಂದ ಚರ್ಮವನ್ನು ಬದಲಿಸುವುದಿಲ್ಲ. ಇದನ್ನು ರೋಗಿಗೆ ಬಿಡಿಸಿ ಹೇಳದ ವೈದ್ಯರೇ ಈ ನಂಬಿಕೆಗೆ ಅರ್ಧ ನೀರೆರೆದಿದ್ದಾರೆ ಎಂಬುದು ನನ್ನ ಖಚಿತ ಅಭಿಪ್ರಾಯ.

3. ಗುಳಿಗೆ ಶುರುಮಾಡಿದ ಮೇಲೆ ಮೊದಲು ಉಲ್ಬಣಿಸಿ, ಆಮೇಲೆ ಗುಣವಾಗುತ್ತದೆ. ಹೋಮಿಯೋಪತಿ ಚಿಕಿತ್ಸೆ ಆರಂಭವಾಗುವುದು ಸಾಮಾನ್ಯವಾಗಿ ಸ್ಟೀರಾಯ್ಡ್ ನಿಲ್ಲಿಸುವುದರಿಂದ. ಬಹಳ ದಿನ ಹಚ್ಚಿದ ಪ್ರಬಲ ಸ್ಟೀರಾಯ್ಡನ್ನು ಒಮ್ಮೆಗೇ ಬಿಟ್ಟರೆ ಚರ್ಮ ಕೆರಳುವುದು ಗೊತ್ತಿರುವ ವಿಷಯ. ಕೆಲವು ವಾರ, ಕೆಲವರಲ್ಲಿ ತಿಂಗಳುಗಳ ಮೇಲೆ ಆ ಕೆರಳಿಕೆ ತಾನಾಗಿ ಇಳಿಯುವುದೂ ಅಷ್ಟೇ ಗೊತ್ತಿರುವ ವಿಷಯ. ಇದಕ್ಕೆ ಕಾಯಿಲೆಯ ಸಹಜ ಏರಿಳಿತ ಸೇರಿಸಿ. ಜನ ಹೊಸ ವೈದ್ಯರನ್ನು ಹುಡುಕಿ ಹೋಗುವುದು ಕಾಯಿಲೆ ಅತಿ ಕೆಟ್ಟ ಹಂತದಲ್ಲಿದ್ದಾಗ. ಆ ಹಂತದಿಂದ ಮುಂದೆ ಅದು ಬಹುತೇಕ ಇಳಿಯಲೇಬೇಕು. ಬಾಲ್ಯದ ಇಸುಬು ಹದಿಹರೆಯ ಬರುವಷ್ಟರಲ್ಲಿ ಹೆಚ್ಚಿನ ಮಕ್ಕಳಲ್ಲಿ ತಾನೇ ಕಡಿಮೆಯಾಗುತ್ತದೆ. ವರ್ಷಗಟ್ಟಲೆ ಗುಳಿಗೆ ತಿಂದ ಮಗುವಿಗೆ ಗುಣ ಸಿಕ್ಕಿದ್ದು ಗುಳಿಗೆಯಿಂದಲೋ ವಯಸ್ಸಿನಿಂದಲೋ ಎಂದು ಒಂದು ಮನೆಯ ಅನುಭವ ಹೇಳಲಾರದು. ಇದಕ್ಕಿಂತ ಗಂಭೀರವಾದದ್ದು ವಾದದ ರಚನೆ. ಕಡಿಮೆಯಾದರೆ ಮದ್ದು ಹಿಡಿಯಿತು. ಹೆಚ್ಚಾದರೆ ಒಳಗಿನದು ಹೊರಬರುತ್ತಿದೆ. ಹೊಸ ತೊಂದರೆ ಬಂದರೆ ಹಿಂದೆ ಒತ್ತಿದ್ದು ಮೇಲೇಳುತ್ತಿದೆ. ಏನೂ ಆಗದಿದ್ದರೆ ಮದ್ದಿನ ಆಯ್ಕೆ ತಪ್ಪಿದೆ. ಯಾವ ಫಲಿತಾಂಶ ಬಂದರೆ ಸಿದ್ಧಾಂತ ತಪ್ಪೆಂದು ಒಪ್ಪುತ್ತೀರಿ ಎಂದು ಕೇಳಿದರೆ ಇಲ್ಲಿ ಉತ್ತರವಿಲ್ಲ.

ಮದ್ದಿನ ಆಯ್ಕೆಯ ತರ್ಕವನ್ನೂ ಒಮ್ಮೆ ನೋಡೋಣ. ಚರ್ಮಕ್ಕೆ ಹೆಚ್ಚಾಗಿ ಬರೆಯುವ ಗ್ರಾಫೈಟಿಸ್, ಸಲ್ಫರ್, ಮೆಝೀರಿಯಮ್, ಪೆಟ್ರೋಲಿಯಮ್, ರಸ್ ಟಾಕ್ಸ್ ಎಲ್ಲಕ್ಕೂ ತಮ್ಮದೇ ಚಿತ್ರಗಳಿವೆ: ಕಿವಿಯ ಹಿಂದೆ ಜೇನಿನಂಥ ಅಂಟು ಸುರಿದರೆ ಗ್ರಾಫೈಟಿಸ್, ಸ್ನಾನ ಮತ್ತು ಬಿಸಿಯಿಂದ ನವೆ ಹೆಚ್ಚಿದರೆ ಸಲ್ಫರ್, ಚಳಿಗಾಲದಲ್ಲಿ ಬೆರಳು ಸೀಳಿದರೆ ಪೆಟ್ರೋಲಿಯಮ್. ವೀಕ್ಷಣೆ ಸೂಕ್ಷ್ಮವಾದದ್ದೇ. ರಸ್ ಟಾಕ್ಸ್ ತಯಾರಾಗುವುದು ಅಮೆರಿಕದ ವಿಷಬಳ್ಳಿಯಿಂದ. ನಮ್ಮ ಗೇರಿನ ಕುಟುಂಬದ್ದೇ ಸಸ್ಯ. ಅದು ನವೆಯ ಗುಳ್ಳೆ ಎಬ್ಬಿಸುತ್ತದೆ, ಆದ್ದರಿಂದ ನವೆಯ ಗುಳ್ಳೆಯನ್ನು ಗುಣಪಡಿಸುತ್ತದೆ ಎಂಬುದು ತರ್ಕ. ಆದರೆ ಆ ಗುಳ್ಳೆ ವಿಷದ ಕೆಲಸವಲ್ಲ, ಅಲರ್ಜಿ: ಒಂದು ನಿರ್ದಿಷ್ಟ ರಾಸಾಯನಿಕವನ್ನು ಈ ಮೊದಲೇ ಗುರುತು ಹಿಡಿದಿಟ್ಟುಕೊಂಡ ದೇಹ ಅದೊಂದಕ್ಕೇ ಕೊಡುವ ಪ್ರತಿಕ್ರಿಯೆ. ಬೆಂಗಳೂರಿನ ಖಾಲಿ ಸೈಟುಗಳಲ್ಲಿ, ಬಯಲುಸೀಮೆಯ ಹೊಲದ ಬದುಗಳಲ್ಲಿ ಬೆಳೆದು ನಿಂತ ಪಾರ್ಥೇನಿಯಂ ಅಥವಾ ಕಾಂಗ್ರೆಸ್ ಗಿಡವನ್ನು ತೆಗೆದುಕೊಳ್ಳಿ. 1950ರ ದಶಕದಲ್ಲಿ ಆಮದಾದ ಗೋಧಿಯೊಡನೆ ಬಂದು ಪುಣೆಯ ಸುತ್ತ ಮೊದಲು ಕಂಡ ಕಳೆ. ಅದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರೂ ಕಳೆ ಉಳಿದಿದೆ. ಗಾಳಿಯಲ್ಲಿ ತೇಲುವ ಅದರ ಪುಡಿಗೆ ಒಗ್ಗದವರಲ್ಲಿ ಕಣ್ಣೆವೆ, ಕತ್ತು, ಮೊಣಕೈ ಮಡಿಕೆಗಳು ಕೆಂಪಾಗಿ, ವರ್ಷಗಳು ಕಳೆದಂತೆ ಮುಖದ ಚರ್ಮ ದಪ್ಪಗೆ ಗೆರೆಗಟ್ಟುತ್ತದೆ. ಇದರ ಬೇರು ಪಾರ್ಥೇನಿನ್ ಎಂಬ ವಸ್ತು. ಬೆನ್ನಿಗೆ ಪಟ್ಟಿ ಅಂಟಿಸಿ ಮಾಡುವ ಪ್ಯಾಚ್ ಪರೀಕ್ಷೆಯಿಂದ ಅದನ್ನು ಹೆಸರು ಹಿಡಿದು ಗುರುತಿಸಬಹುದು. ಗಾರೆ ಕೆಲಸದವನ ಕೈಗೆ ಸಿಮೆಂಟಿನ ಕ್ರೋಮಿಯಂ, ಅಗ್ಗದ ಓಲೆ ಹಾಕಿದ ಕಿವಿಗೆ ನಿಕ್ಕಲ್ ಇದೇ ರೀತಿ ಪತ್ತೆಯಾಗುತ್ತವೆ. ಬೇರು ಕೀಳುವುದೆಂದರೆ ಇಲ್ಲಿ ಆ ವಸ್ತುವಿನಿಂದ ದೂರವಿಡುವುದು. ಈ ಮೂವರಲ್ಲೂ ನವೆಯ ಸ್ವರೂಪ ಒಂದೇ ಥರ ಇರಬಹುದು, ಹಾಗಾಗಿ ಒಂದೇ ಗುಳಿಗೆಯೂ ಸಿಗಬಹುದು. ಕಾರಣ ಮಾತ್ರ ಮೂವರಿಗೂ ಬೇರೆ, ಅದನ್ನು ಆ ಪದ್ಧತಿ ಹುಡುಕಿಯೇ ಇಲ್ಲ. ಇನ್ನು 30ಸಿ ಎಂದರೆ ಒಂದರ ಮುಂದೆ 60 ಸೊನ್ನೆಗಳಷ್ಟು ತೆಳುಮಾಡಿದ್ದು; 12ಸಿ ದಾಟಿದ ಮೇಲೆ ಮೂಲವಸ್ತುವಿನ ಒಂದು ಅಣು ಸಿಗುವುದೂ ಕಷ್ಟ. ಅದಕ್ಕೆ ಹೆಚ್ಚು ಮಾತು ಬೇಕಿಲ್ಲ.

ಪ್ರಯೋಗಗಳು ಏನು ಹೇಳುತ್ತವೆ? ಜರ್ಮನಿಯಲ್ಲಿ, ಹೋಮಿಯೋಪತಿಗೆ ಗೌರವವಿರುವ ಅದರ ತವರಿನಲ್ಲೇ, ಬರ್ಲಿನ್ನಿನ ಸಂಶೋಧಕರು ಇಸುಬಿನ ನೂರಕ್ಕೂ ಹೆಚ್ಚು ಮಕ್ಕಳನ್ನು 36 ತಿಂಗಳು ಗಮನಿಸಿದರು. ಹೋಮಿಯೋಪತಿ ವೈದ್ಯರ ಬಳಿ ಹೋದವರು, ಸಾಮಾನ್ಯ ಚಿಕಿತ್ಸೆ ಪಡೆದವರು ಎರಡೂ ಗುಂಪು ಸುಧಾರಿಸಿತು. ಹೋಮಿಯೋಪತಿಗೆ ಮೇಲುಗೈ ಇರಲಿಲ್ಲ, ಖರ್ಚು ಅದರದ್ದೇ ಹೆಚ್ಚು. ಮಕ್ಕಳನ್ನು ಚೀಟಿ ಎತ್ತಿ ಹಂಚಿರಲಿಲ್ಲವಾದ್ದರಿಂದ ಇದು ಕೊನೆಯ ಮಾತಲ್ಲ. ಇಸುಬಿನ ನಿಯಂತ್ರಿತ ಪ್ರಯೋಗಗಳನ್ನು ಜೋಡಿಸಿ ನೋಡಿದ 2012ರ ವಿಮರ್ಶೆ ಹೋಮಿಯೋಪತಿ ಪರಿಣಾಮಕಾರಿ ಎನ್ನಲು ಪುರಾವೆಯಿಲ್ಲವೆಂದಿತು. ಯಾವ ಕಾಯಿಲೆಗೂ ನಂಬಲರ್ಹ ಪುರಾವೆಯಿಲ್ಲ ಎಂದು ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ತೀರ್ಮಾನಿಸಿತು. 'ನಮ್ಮದು ಒಬ್ಬೊಬ್ಬರಿಗೆ ಒಂದೊಂದು ಮದ್ದು, ನಿಮ್ಮ ಪ್ರಯೋಗಕ್ಕೆ ಸಿಗುವುದಿಲ್ಲ' ಎಂಬ ಆಕ್ಷೇಪ ಕೇಳಲು ಬಲವಾಗಿದೆ, ಆದರೆ ಸಲ್ಲದು. ವೈದ್ಯರು ತಮಗೆ ಸರಿಕಂಡ ಮದ್ದನ್ನೇ ಬರೆಯಲಿ. ಕೊಡುವ ಜಾಗದಲ್ಲಿ ಅರ್ಧ ಜನಕ್ಕೆ ಆ ಮದ್ದು, ಅರ್ಧ ಜನಕ್ಕೆ ಬರೀ ಸಕ್ಕರೆ ಗುಳಿಗೆ ಹೋಗಲಿ, ಯಾರಿಗೆ ಯಾವುದೆಂದು ವೈದ್ಯರಿಗೂ ರೋಗಿಗೂ ತಿಳಿಯದಿರಲಿ. ಹೀಗೆ ಮಾಡಿದ ಪ್ರಯೋಗಗಳೂ ಇವೆ. ಅವನ್ನು ಒಟ್ಟುಮಾಡಿದ 2014ರ ವಿಮರ್ಶೆಯೊಂದಕ್ಕೆ ಸಣ್ಣ ಪರಿಣಾಮ ಕಂಡಿತು. ಪುರಾವೆಯ ಗುಣಮಟ್ಟ ಕಡಿಮೆ ಅಥವಾ ಅಸ್ಪಷ್ಟ, ಎಚ್ಚರವಿರಲಿ ಎಂದು ಅದರ ಲೇಖಕರೇ ಬರೆದರು.

ಇನ್ನೊಂದು ಆಕ್ಷೇಪ ಮನುಷ್ಯರ ನಡವಳಿಕೆಗೆ ಸಂಬಂಧಿಸಿದ್ದು, ಅದನ್ನು ನಾನು ಗೌರವದಿಂದ ಕಾಣುತ್ತೇನೆ. ಹೋಮಿಯೋಪತಿ ವೈದ್ಯರು ಕೂರಿಸಿ ಮಾತಾಡಿಸುತ್ತಾರೆ, ನಿದ್ದೆ, ಭಯ, ಊಟ ಎಲ್ಲ ಕೇಳುತ್ತಾರೆ. ದೊಡ್ಡ ಆಸ್ಪತ್ರೆಯಲ್ಲಿ ಎರಡು ನಿಮಿಷಕ್ಕೆ ಚೀಟಿ ಕೈಗೆ ಬರುತ್ತದೆ. ಫಾದರ್ ಅಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಹೋಮಿಯೋಪತಿ ಔಷಧಾಲಯ ತೆರೆದಾಗ ಬಡವರಿಗೆ ಸಿಕ್ಕಿದ್ದು ಇಂಥ ಆರೈಕೆಯೇ. ಕರಾವಳಿಯ ಜನ ಆ ಪದ್ಧತಿಯ ಮೇಲಿಟ್ಟ ವಿಶ್ವಾಸಕ್ಕೆ ಅಲ್ಲಿ ಬೇರಿದೆ. ಆದರೆ ಆರೈಕೆಯ ಒಳ್ಳೆಯತನ ಸಿದ್ಧಾಂತದ ಸತ್ಯಕ್ಕೆ ಸಾಕ್ಷಿಯಾಗದು. ಹತ್ತು ವರ್ಷಗಳ ನಂತರ ಅದೇ ಆವರಣದಲ್ಲಿ ಅವರು ತೆರೆದ ಕುಷ್ಠರೋಗಿಗಳ ಆಶ್ರಯವನ್ನೇ ನೋಡಿ: ಅಲ್ಲಿನ ಆರೈಕೆ ದೊಡ್ಡದು, ಕುಷ್ಠ ಗುಣವಾಗತೊಡಗಿದ್ದು ಮಾತ್ರ ರೋಗಾಣುವನ್ನು ಕೊಲ್ಲುವ ಮಾತ್ರೆಗಳು ಬಂದ ಮೇಲೆ. ಕೂತು ಕೇಳುವ ಗುಣವನ್ನು ಚರ್ಮವೈದ್ಯರು ಕಲಿಯಬೇಕು. ಅದಕ್ಕಾಗಿ ರೋಗಿ ತಪ್ಪು ಸಿದ್ಧಾಂತವನ್ನು ನುಂಗಬೇಕಾಗಿಲ್ಲ.

'ಹೋಗಲಿ, ಅಡ್ಡ ಪರಿಣಾಮವಂತೂ ಇಲ್ಲವಲ್ಲ' ಎಂಬ ಕೊನೆಯ ಸಮಾಧಾನವೂ ನಿಲ್ಲುವುದಿಲ್ಲ. ಸಿಡ್ನಿಯಲ್ಲಿ 2002ರಲ್ಲಿ ಭಾರತೀಯ ಮೂಲದ ಕುಟುಂಬವೊಂದರ 9 ತಿಂಗಳ ಮಗು ತೀವ್ರ ಇಸುಬಿನಿಂದ ಚರ್ಮ ಒಡೆದು, ಸೋಂಕು ರಕ್ತಕ್ಕೇರಿ ಸತ್ತಿತು. ತಂದೆ ಹೋಮಿಯೋಪತಿ ವೃತ್ತಿಯವರು. ಅದೇ ಚಿಕಿತ್ಸೆಗೆ ಅಂಟಿಕೊಂಡಿದ್ದರು. 2009ರಲ್ಲಿ ಅಲ್ಲಿನ ನ್ಯಾಯಾಲಯ ತಂದೆ ತಾಯಿ ಇಬ್ಬರನ್ನೂ ನರಹತ್ಯೆಯ ಅಪರಾಧಿಗಳೆಂದು ತೀರ್ಮಾನಿಸಿತು. ಇದು ಅತಿರೇಕದ ಪ್ರಕರಣ, ಹೋಮಿಯೋಪತಿಗೆ ಹೋದವರೆಲ್ಲರ ಕಥೆಯಲ್ಲ. ಆದರೆ ಹೆತ್ತವರಿಗೆ ಪ್ರೀತಿಯಿದ್ದೂ ಹೀಗಾಗಬಹುದು, ಏಕೆಂದರೆ ಹೆಚ್ಚುತ್ತಿರುವ ಇಸುಬು ಗುಣದ ಲಕ್ಷಣ ಎಂದು ನಂಬಿದವರಿಗೆ ಎಚ್ಚರಿಕೆಯ ಗಂಟೆ ಕೇಳುವುದೇ ಇಲ್ಲ.

ಆದ್ದರಿಂದ ಇಸುಬಿನ ಮಗುವಿರುವ ಮನೆಯವರಲ್ಲಿ ನನ್ನ ಕೋರಿಕೆ ಇಷ್ಟು. ಗುಳಿಗೆ ಕೊಡಲೇಬೇಕೆನಿಸಿದರೆ ಕೊಡಿ, ಮುಲಾಮನ್ನು ನಿಲ್ಲಿಸಬೇಡಿ. ಅಂಗಡಿಯವನು ಕೊಟ್ಟ ಟ್ಯೂಬನ್ನೂ ಮುಟ್ಟಬೇಡಿ. ಚರ್ಮವೈದ್ಯರ ಹತ್ತಿರ ಹೋಗಿ, ಇದು ಇಸುಬೇ ಹೌದೇ, ಮುಲಾಮಿನ ಬಲ ಎಷ್ಟು, ಎಷ್ಟು ದಿನ, ಹೇಗೆ ಕಡಿಮೆ ಮಾಡಬೇಕು ಎಂದು ಉತ್ತರ ಸಿಗುವವರೆಗೆ ಕೇಳಿ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ದೊಡ್ಡವರ ಎರಡು ಅಂಗೈಯಗಲದ ಚರ್ಮಕ್ಕೆ ಅದು ಸಾಕು. ಸ್ನಾನದ ನೀರು ಉಗುರುಬೆಚ್ಚಗಿರಲಿ, ಮೈ ಆರುವ ಮುಂಚೆಯೇ ತೇವಾಂಶದ ಕ್ರೀಮನ್ನೋ ತೆಂಗಿನೆಣ್ಣೆಯನ್ನೋ ಸವರಿ. ಇಸುಬಿನ ಜಾಗದಿಂದ ಕೀವು ಸುರಿದರೆ, ಜ್ವರ ಬಂದರೆ, ಒತ್ತೊತ್ತಾಗಿ ನೋಯುವ ಸಣ್ಣ ನೀರುಗುಳ್ಳೆಗಳೆದ್ದರೆ, ಕೂಸು ಹಾಲು ಬಿಟ್ಟರೆ ಅಥವಾ ತೂಕ ಏರದಿದ್ದರೆ, ಯಾವ ಪದ್ಧತಿಯ ವೈದ್ಯರು 'ಹೊರಬರುತ್ತಿದೆ, ಕಾಯಿರಿ' ಎಂದರೂ ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.